ಲಾಗ್ ಹೆಡರ್‌ನಲ್ಲಿರುವುದು ಯಾರ ಮಾತು?

‘<34>’ ಎಂದು ಶುರುವಾಗುವ ಸಿಸ್‌ಲಾಗ್ ಸಂದೇಶವೊಂದು ಸರ್ವರ್‌ಗೆ ಬಂದು ಬಿತ್ತು ಎನ್ನಿ. 34ನ್ನು ಎಂಟರಿಂದ ಭಾಗಿಸಿದರೆ ಭಾಗಲಬ್ಧ 4, ಶೇಷ 2. ನಾಲ್ಕು ಎಂದರೆ ಲಾಗಿನ್ ಮತ್ತು ಭದ್ರತೆಯ ವಿಭಾಗ, ಎರಡು ಎಂದರೆ ‘ಕ್ರಿಟಿಕಲ್’. ಸಂದೇಶದ ಒಡಲಲ್ಲಿ ಏನಿದೆ ಎಂದು ನೋಡುವ ಮೊದಲೇ, ನಾಲ್ಕು ಅಕ್ಷರ ಓದಿದಷ್ಟಕ್ಕೇ, ಇದು ಯಾವ ಫೈಲಿಗೆ ಹೋಗಬೇಕು, ನಡುರಾತ್ರಿ ಯಾರ ಫೋನು ರಿಂಗಣಿಸಬೇಕು ಎಂದು ಯಂತ್ರ ತೀರ್ಮಾನಿಸಬಹುದು. ನೆಟ್‌ವರ್ಕ್ ಲಾಗಿನ ಹೆಡರ್‌ನಿಂದ ನಾವು ಬಯಸುವುದು ಇಷ್ಟೇ: ಒಡಲು ಅರ್ಥವಾಗದಿದ್ದರೂ ಸಂದೇಶವನ್ನು ವಿಂಗಡಿಸಲು, ಸಾಲಾಗಿ ಜೋಡಿಸಲು, ಬೇಡವಾದರೆ ಎಸೆಯಲು ಆಗಬೇಕು.

ಆದರೆ ಆ 34ನ್ನು ಬರೆದವರು ಯಾರು? ಲಾಗಿನ್ ಪ್ರೋಗ್ರಾಮೇ, ನಡುವೆ ನಿಂತ ರಿಲೇ ಯಂತ್ರವೇ, ಅಥವಾ ಅದೇ ನೆಟ್‌ವರ್ಕಿನಲ್ಲಿ ಕುಳಿತು ಸುಳ್ಳು ಪ್ಯಾಕೆಟ್ ಕಳಿಸುತ್ತಿರುವ ಇನ್ಯಾರೋ? ಸಂಖ್ಯೆ ನೋಡಿದರೆ ಗೊತ್ತಾಗುವುದಿಲ್ಲ. ಕಾಗದದ ಮೇಲೆ ಬರೆದವನು ಹಾಕಿದ ತಾರೀಖು ಬೇರೆ, ಲಕೋಟೆಯ ಮೇಲೆ ಅಂಚೆ ಕಚೇರಿ ಒತ್ತಿದ ಮುದ್ರೆಯ ತಾರೀಖು ಬೇರೆ. ತಕರಾರು ಬಂದಾಗ ಎರಡಕ್ಕೂ ಒಂದೇ ಬೆಲೆ ಇರುವುದಿಲ್ಲ. ಸಿಸ್‌ಲಾಗ್ ಈ ಎರಡಕ್ಕೂ ಒಂದೇ ಜಾಗ ಕೊಟ್ಟಿತು. ಅದರ ಮತ್ತು ಅದರ ನಂತರ ಬಂದ ಹೆಡರ್‌ಗಳ ನಾಲ್ಕು ದಶಕದ ಕಥೆಯನ್ನು ಒಟ್ಟಿಗೆ ನೋಡಿದರೆ, ಯಾವ ಫೀಲ್ಡ್ ಇರಬೇಕು, ಅದು ಎಷ್ಟು ಉದ್ದವಿರಬೇಕು ಎಂಬ ಜಗಳಕ್ಕಿಂತ ಈ ಗೊಂದಲವೇ ಹೆಚ್ಚು ತೊಂದರೆ ಕೊಟ್ಟಿದೆ ಎಂಬುದು ನನ್ನ ಅಭಿಪ್ರಾಯ.

ಸಿಸ್‌ಲಾಗ್ ಹುಟ್ಟಿದ್ದು 1980ರ ದಶಕದಲ್ಲಿ, ಬರ್ಕ್ಲಿಯಲ್ಲಿ. ಎರಿಕ್ ಆಲ್ಮನ್ ಸೆಂಡ್‌ಮೇಲ್ ಎಂಬ ಇಮೇಲ್ ತಂತ್ರಾಂಶಕ್ಕಾಗಿ ಬರೆದುಕೊಂಡ ಉಪಕರಣ ಅದು. ಉಳಿದವರಿಗೂ ಅನುಕೂಲವೆನಿಸಿತು, ಯುನಿಕ್ಸ್ ಜೊತೆಗೆ ಊರೂರು ಸುತ್ತಿತು, ರೌಟರ್ ಮತ್ತು ಪ್ರಿಂಟರ್‌ಗಳ ಒಳಗೂ ಸೇರಿಕೊಂಡಿತು. ಲಿಖಿತ ನಿಯಮ ಎಂಬುದು ಮಾತ್ರ ಇರಲಿಲ್ಲ. 2001ರ ಆಗಸ್ಟ್‌ನಲ್ಲಿ ಸಿಸ್ಕೋದ ಕ್ರಿಸ್ ಲಾನ್‌ವಿಕ್ ಬರೆದ, ಇಂಟರ್ನೆಟ್ ತಾಂತ್ರಿಕ ದಾಖಲೆಗಳ ಸರಣಿಯ ಆರ್‌ಎಫ್‌ಸಿ 3164 ಬಂತು. ಅದೂ ನಿಯಮವಲ್ಲ, ಜನ ಏನು ಕಳಿಸುತ್ತಿದ್ದಾರೆ ಎಂಬುದರ ವರದಿ. 514ನೇ ಯುಡಿಪಿ ಪೋರ್ಟಿಗೆ ಬಂದ ಯಾವ ಪ್ಯಾಕೆಟ್ಟನ್ನೇ ಆದರೂ, ಅದರಲ್ಲಿ ಏನೇ ಇರಲಿ, ಸಿಸ್‌ಲಾಗ್ ಸಂದೇಶವೆಂದೇ ಪರಿಗಣಿಸಬೇಕು ಎಂದು ಆ ದಾಖಲೆ ಹೇಳುತ್ತದೆ. ಬಾಗಿಲೇ ಇಲ್ಲದ ಮನೆಗೆ ಹೊಸ್ತಿಲು ಕಟ್ಟುವ ಕೆಲಸ ಲಾನ್‌ವಿಕ್ ಅವರ ಪಾಲಿಗೆ ಬಂದಿತ್ತು. ಸರಿಯಾದ ಶಿಷ್ಟಪ್ರಮಾಣ ಬರಲು ಇನ್ನೂ ಎಂಟು ವರ್ಷ ಬೇಕಾಯಿತು: 2009ರ ಮಾರ್ಚ್‌ನಲ್ಲಿ ಪ್ರಕಟವಾದ ಆರ್‌ಎಫ್‌ಸಿ 5424. ಅದನ್ನು ಬರೆದ ರೈನರ್ ಗೆರ್‌ಹಾರ್ಡ್ಸ್ ಲಿನಕ್ಸ್ ಲೋಕಕ್ಕೆ ಆರ್‌ಸಿಸ್‌ಲಾಗ್ ತಂತ್ರಾಂಶದ ಕರ್ತೃವಾಗಿ ಹೆಚ್ಚು ಪರಿಚಿತರು.

ಮೊದಲ ಫೀಲ್ಡ್ ಎರಡೂ ದಾಖಲೆಗಳಲ್ಲಿ ಒಂದೇ. ಕೋನ ಆವರಣದೊಳಗಿನ ಆ ಆದ್ಯತಾ ಸಂಖ್ಯೆ ಫೆಸಿಲಿಟಿಯನ್ನು, ಅಂದರೆ ವಿಭಾಗವನ್ನು, ಎಂಟರಿಂದ ಗುಣಿಸಿ ತೀವ್ರತೆಯನ್ನು ಕೂಡಿದರೆ ಬರುವಂಥದ್ದು. ಫೆಸಿಲಿಟಿ 0ಯಿಂದ 23, ತೀವ್ರತೆ 0ಯಿಂದ 7. ಆದ್ದರಿಂದ ಗರಿಷ್ಠ 191. ಫೆಸಿಲಿಟಿಗಳ ಪಟ್ಟಿ ಓದಿದರೆ 1980ರ ದಶಕದ ವಿಶ್ವವಿದ್ಯಾಲಯದ ಕಂಪ್ಯೂಟರ್ ಕೋಣೆ ಕಣ್ಣಿಗೆ ಕಟ್ಟುತ್ತದೆ: ಕರ್ನಲ್, ಮೇಲ್, ಲೈನ್ ಪ್ರಿಂಟರ್, ನೆಟ್‌ವರ್ಕ್ ನ್ಯೂಸ್, ಯುಯುಸಿಪಿ. ವೆಬ್ ಸರ್ವರ್‌ಗೆ ಸಂಖ್ಯೆ ಇಲ್ಲ, ಡೇಟಾಬೇಸ್‌ಗೆ ಇಲ್ಲ, ಫೈರ್‌ವಾಲ್‌ಗೂ ಇಲ್ಲ. ಇದ್ದವಕ್ಕೇ ಎರಡೆರಡು: ಗಡಿಯಾರದ ಕೆಲಸಕ್ಕೆ 9 ಮತ್ತು 15, ಭದ್ರತೆಗೆ 4 ಮತ್ತು 10. ಬೇರೆ ಬೇರೆ ಯುನಿಕ್ಸ್‌ಗಳು ತಮಗೆ ತೋಚಿದ ಸಂಖ್ಯೆ ಬಳಸಿದ್ದವು. ವರದಿಗಾರರು ಎರಡನ್ನೂ ದಾಖಲಿಸಿದರು. ಕೊನೆಯ ಎಂಟು, ಲೋಕಲ್ 0ಯಿಂದ ಲೋಕಲ್ 7, ಯಾರು ಬೇಕಾದರೂ ಬಳಸಬಹುದಾದ ಗೋಮಾಳ. ಸಿಸ್ಕೋ ರೌಟರ್‌ಗಳು ಡಿಫಾಲ್ಟ್ ಆಗಿ ಲೋಕಲ್ 7ರಲ್ಲಿ ಬೇಲಿ ಹಾಕಿಕೊಂಡವು. ಅವುಗಳ ಸಂದೇಶಗಳಲ್ಲಿ ‘<189>’ ಪದೇ ಪದೇ ಕಾಣುವುದು ಅದಕ್ಕೇ. ಯಾರು ಕಳಿಸಿದ್ದು ಎಂದು ಹೇಳಬೇಕಾದ ಫೀಲ್ಡ್‌ಗೆ ಎಣಿಸಿದಷ್ಟೇ ಜಾಗ ಕೊಟ್ಟು, ಆ ಜಾಗಗಳಿಗೆ ಆಗಿನ ಕಾಲದ ಹೆಸರನ್ನೇ ಇಟ್ಟರೆ ಮುಂದಾಗುವುದು ಹೀಗೆಯೇ.

ಇನ್ನೊಂದು ಎಡವಟ್ಟೂ ಇಲ್ಲಿದೆ. ಅರ್ಥದಲ್ಲಿ 191ರವರೆಗೆ ಮಾತ್ರ ಅವಕಾಶ, ಬರವಣಿಗೆಯಲ್ಲಿ ಮೂರು ಅಂಕಿಗಳಿಗೆ ಜಾಗ. ಅಂದರೆ 999 ಎಂದು ಯಾರಾದರೂ ಬರೆದು ಕಳಿಸಬಹುದು. 2014ರಲ್ಲಿ ಆರ್‌ಸಿಸ್‌ಲಾಗ್ ಮತ್ತು ಹಳೆಯ ಸಿಸ್‌ಕೆಲಾಗ್‌ಡಿ ಎರಡರಲ್ಲೂ ಇದೇ ತೂತು ಸಿಕ್ಕಿತು: 191 ಮೀರಿದ ಸಂಖ್ಯೆ ಬಂದರೆ ಫೆಸಿಲಿಟಿ ಪಟ್ಟಿಯ ಆಚೆಗಿನ ಮೆಮೊರಿಗೆ ಕೈ ಹಾಕಿ ಪ್ರೋಗ್ರಾಮು ಕುಸಿಯಬಹುದಿತ್ತು. ಮೊದಲ ತೇಪೆ ಸಾಲದೆ, ಅತಿ ದೊಡ್ಡ ಸಂಖ್ಯೆಗಳಿಗಾಗಿ ಎರಡನೆಯದನ್ನೂ ಹಚ್ಚಬೇಕಾಯಿತು. ಬಂದ ಸಂಖ್ಯೆ ತಮ್ಮಂಥದೇ ಒಳ್ಳೆಯ ಪ್ರೋಗ್ರಾಮು ಬರೆದದ್ದು ಎಂದು ಮೂವತ್ತು ವರ್ಷ ಎಲ್ಲರೂ ನಂಬಿದ್ದರು.

ತೀವ್ರತೆಯ ಎಂಟು ಮೆಟ್ಟಿಲುಗಳ ಬಗ್ಗೆ ನನಗೆ ಅಷ್ಟು ದೂರಿಲ್ಲ. ಎಮರ್ಜೆನ್ಸಿಯಿಂದ ಡಿಬಗ್‌ವರೆಗಿನ ಆ ಸಾಲು ಬಹುತೇಕ ಎಲ್ಲ ಲಾಗ್ ವ್ಯವಸ್ಥೆಗಳಿಗೂ ಹರಿದು ಬಂದಿದೆ. ಓಪನ್‌ಟೆಲಿಮೆಟ್ರಿ ಎಂಬ ಹೊಸ ಶಿಷ್ಟಪ್ರಮಾಣ 1ರಿಂದ 24ರವರೆಗೆ ಮೆಟ್ಟಿಲು ಹೆಚ್ಚಿಸಿ ದಿಕ್ಕನ್ನೂ ತಿರುಗಿಸಿತು: ಸಿಸ್‌ಲಾಗ್‌ನಲ್ಲಿ ಸೊನ್ನೆ ಎಂದರೆ ಪ್ರಳಯ, ಅಲ್ಲಿ ದೊಡ್ಡ ಸಂಖ್ಯೆ ಎಂದರೆ ಪ್ರಳಯ. ಎರಡನ್ನೂ ಒಂದೇ ಡ್ಯಾಶ್‌ಬೋರ್ಡಿಗೆ ತರುವವರು ಜಾಗ್ರತೆಯಾಗಿರಬೇಕು, ಅಷ್ಟೆ. ತೀವ್ರತೆ ಎಂಬುದು ಕೋಡ್ ಬರೆದವರ ಅಂದಾಜು ಮಾತ್ರ ಎಂಬುದನ್ನು ಮರೆಯಬಾರದು. ‘ಡಿಸ್ಕ್ ಶೇಕಡಾ 90 ತುಂಬಿದೆ’ ಎಂಬುದು ಒಬ್ಬರಿಗೆ ಎಚ್ಚರಿಕೆ, ಇನ್ನೊಬ್ಬರಿಗೆ ದಿನನಿತ್ಯದ ಸುದ್ದಿ. ಕಳಿಸಿದವರ ಅಂದಾಜನ್ನು ಹಾಗೆಯೇ ಉಳಿಸಿ, ಪಡೆದವರು ತಮ್ಮ ಅಂದಾಜನ್ನು ಪಕ್ಕದಲ್ಲಿ ಬರೆದುಕೊಳ್ಳಲು ಸಿಸ್‌ಲಾಗ್ ಹೆಡರ್‌ನಲ್ಲಿ ಜಾಗವಿಲ್ಲ.

ಇನ್ನು ಕಾಲಮುದ್ರೆ. ಹೆಡರ್ ವಿನ್ಯಾಸದ ಪಾಪಪುಣ್ಯಗಳೆಲ್ಲ ಒಟ್ಟಾಗಿ ಸಿಗುವುದು ಇಲ್ಲಿಯೇ.

ಹಳೆಯ ರೂಪದಲ್ಲಿ ತಿಂಗಳ ಹೆಸರಿನ ಮೂರು ಅಕ್ಷರ, ದಿನ, ಗಂಟೆ, ನಿಮಿಷ, ಸೆಕೆಂಡು. ವರ್ಷವಿಲ್ಲ. ಟೈಮ್‌ಝೋನ್ ಇಲ್ಲ. ದಿನ ಒಂದೇ ಅಂಕಿಯದಾದರೆ ಮುಂದೊಂದು ಖಾಲಿ ಜಾಗ, ಆದ್ದರಿಂದ ಖಾಲಿ ಜಾಗದಲ್ಲಿ ಕತ್ತರಿಸುವ ಸ್ಕ್ರಿಪ್ಟುಗಳು ತಿಂಗಳ ಮೊದಲ ಒಂಬತ್ತು ದಿನ ಒಂದು ಥರ, ಆಮೇಲೆ ಇನ್ನೊಂದು ಥರ. ಫೆಬ್ರವರಿ 29 ಬಂದರಂತೂ ಕೇಳುವುದೇ ಬೇಡ. ವರ್ಷ ಹೇಳದಿದ್ದರೆ ಪೈಥಾನ್‌ನ ದಿನಾಂಕ ಓದುವ ಫಂಕ್ಷನ್ 1900 ಎಂದು ತಿಳಿಯುತ್ತದೆ. 1900 ಅಧಿಕ ವರ್ಷವಲ್ಲ. ಹಾಗಾಗಿ ‘ಇಂಥ ದಿನವೇ ಇಲ್ಲ’ ಎಂದು ಕೈ ಚೆಲ್ಲುತ್ತದೆ. ಡಿಸೆಂಬರ್ 31ರ ರಾತ್ರಿ ಹೊರಟ ಸಂದೇಶ ಜನವರಿ 1ಕ್ಕೆ ತಲುಪಿದರೆ ಅದನ್ನು ಹನ್ನೆರಡು ತಿಂಗಳು ಮುಂದಕ್ಕೆ ಹಾಕುವ ಪಾರ್ಸರ್‌ಗಳೂ ಇವೆ. ಎರಿಕ್ ಆಲ್ಮನ್ ಕಾಲದಲ್ಲಿ ಇದು ತಪ್ಪಾಗಿರಲಿಲ್ಲ. ಒಂದೇ ಯಂತ್ರದ ಫೈಲನ್ನು ಅದೇ ವಾರ ಅದೇ ಕೋಣೆಯಲ್ಲಿ ಓದುವವರಿಗೆ ವರ್ಷ ಯಾಕೆ ಬೇಕು? ಫೈಲಿಗಾಗಿ ಹುಟ್ಟಿದ ಸಾಲನ್ನು ಹಾಗೆಯೇ ತಂತಿಗೆ ಹತ್ತಿಸಿದ್ದರಲ್ಲಿ ತಪ್ಪಿದೆ.

ಟೈಮ್‌ಝೋನ್ ಇಲ್ಲದಿರುವುದು ಬೆಂಗಳೂರಿನ ಎಂಜಿನಿಯರುಗಳಿಗೆ ಹೊಸದಾಗಿ ಹೇಳಬೇಕಾದ ಸಂಗತಿಯಲ್ಲ. ಒಂದು ಸರ್ವರ್ ಇಲ್ಲಿ, ಇನ್ನೊಂದು ಕ್ಯಾಲಿಫೋರ್ನಿಯಾದಲ್ಲಿ. ನಡುವೆ ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ, ಬೇಸಿಗೆಯಲ್ಲಿ ಹನ್ನೆರಡೂವರೆ. ಅಲ್ಲಿ ಗಡಿಯಾರ ಹಿಂದಕ್ಕೆ ತಿರುಗಿಸುವ ರಾತ್ರಿ ಒಂದು ಗಂಟೆಯ ಅವಧಿಯ ಲಾಗು ಎರಡು ಬಾರಿ ಬರುತ್ತದೆ, ಯಾವುದು ಮೊದಲಿನದು ಎಂದು ಹೆಡರ್ ಹೇಳುವುದಿಲ್ಲ. ಕೆಲವು ಸಾಧನಗಳು ‘ಐಎಸ್‌ಟಿ’ ಎಂದು ಸಂಕ್ಷೇಪ ಸೇರಿಸುತ್ತವೆ. ಇಸ್ರೇಲಿನವರೂ ಐರ್ಲೆಂಡಿನವರೂ ತಮ್ಮ ಕಾಲವನ್ನು ಅದೇ ಮೂರು ಅಕ್ಷರಗಳಲ್ಲಿ ಬರೆಯುತ್ತಾರೆ.

ಆರ್‌ಎಫ್‌ಸಿ 5424 ಇದನ್ನೆಲ್ಲ ಗುಡಿಸಿ ಹಾಕಿತು. ವರ್ಷ ಮೊದಲು, ನಂತರ ತಿಂಗಳು, ದಿನ. ಯುಟಿಸಿಯಿಂದ ಎಷ್ಟು ಗಂಟೆ ಎಷ್ಟು ನಿಮಿಷ ಎಂಬ ಅಂತರ. ಸೆಕೆಂಡಿನ ಭಿನ್ನರಾಶಿ ಆರು ಅಂಕಿಗಳವರೆಗೆ. ಅಂತರದಲ್ಲಿ ನಿಮಿಷಕ್ಕೂ ಜಾಗವಿರುವುದರಿಂದ ನಮ್ಮ ಐದೂವರೆ ಗಂಟೆಗೆ ಅಡ್ಡಿಯಿಲ್ಲ. ಲೀಪ್ ಸೆಕೆಂಡ್ ಬರೆಯಕೂಡದು ಎಂದು ಸ್ಪಷ್ಟವಾಗಿ ಹೇಳಿತು. (ಕೊನೆಯ ಲೀಪ್ ಸೆಕೆಂಡ್ ಸೇರಿದ್ದು 2016ರ ಡಿಸೆಂಬರ್ 31ರ ಯುಟಿಸಿ ಮಧ್ಯರಾತ್ರಿಗೆ, ನಮ್ಮಲ್ಲಿ ಆಗ 2017ರ ಜನವರಿ 1ರ ಬೆಳಗಿನ ಐದೂವರೆ.) ಅನುಬಂಧದಲ್ಲಿ ಅನುಭವಿಗಳ ಎಚ್ಚರಿಕೆಯೊಂದಿದೆ: ಭಿನ್ನರಾಶಿಯ ಮುಂದಿನ ಸೊನ್ನೆಗಳನ್ನು ಉಳಿಸಿಕೊಳ್ಳಿ. ಮೂರು ಮಿಲಿಸೆಕೆಂಡನ್ನು .003 ಎಂದು ಬರೆಯಬೇಕಾದಲ್ಲಿ .3 ಎಂದು ಬರೆದರೆ ಮುನ್ನೂರು ಮಿಲಿಸೆಕೆಂಡಾಗುತ್ತದೆ. ಇಂಥ ತಪ್ಪು ಅತಿ ಸಾಮಾನ್ಯ ಎಂದು ದಾಖಲೆಯೇ ಒಪ್ಪುತ್ತದೆ.

ಆದರೆ ಗಡಿಯಾರವೇ ಸರಿಯಿಲ್ಲದಿದ್ದರೆ? ಬರವಣಿಗೆ ಎಷ್ಟು ಚೊಕ್ಕವಾಗಿದ್ದರೂ ಸಮಯ ಸುಳ್ಳೇ. ಈ ವಿಷಯದಲ್ಲಿ ಸಿಸ್ಕೋ ರೌಟರ್‌ಗಳ ಒಂದು ಹಳೆಯ ಅಭ್ಯಾಸ ನನಗೆ ಬಹಳ ಮೆಚ್ಚಿಗೆ. ಗಡಿಯಾರ ಹೊಂದಿಸಿಲ್ಲದಿದ್ದರೆ ಕಾಲಮುದ್ರೆಯ ಮುಂದೆ ಒಂದು ನಕ್ಷತ್ರ ಚಿಹ್ನೆ, ಹಿಂದೆ ಹೊಂದಿಕೆಯಾಗಿದ್ದು ಈಗ ಎನ್‌ಟಿಪಿ ಕಾಲಸರ್ವರ್‌ನ ಸಂಪರ್ಕ ತಪ್ಪಿದ್ದರೆ ಒಂದು ಚುಕ್ಕೆ. ‘ನನ್ನ ಗಡಿಯಾರವನ್ನು ನಂಬಬೇಡಿ’ ಎಂದು ಸಾಧನವೇ ಒಂದು ಬೈಟಿನಲ್ಲಿ ಹೇಳಿಬಿಡುತ್ತದೆ. ಆರ್‌ಎಫ್‌ಸಿ 5424 ಇದೇ ಅರಿವನ್ನು ಹೆಚ್ಚು ವಿವರವಾಗಿ ತಂದಿತು: ‘ಟೈಮ್‌ಕ್ವಾಲಿಟಿ’ ಎಂಬ ಅಂಶದಲ್ಲಿ ಟೈಮ್‌ಝೋನ್ ಗೊತ್ತೇ, ಗಡಿಯಾರ ಹೊಂದಿಕೆಯಾಗಿದೆಯೇ, ಎಷ್ಟು ಮೈಕ್ರೋಸೆಕೆಂಡಿನವರೆಗೆ ತಪ್ಪಿರಬಹುದು ಎಂದು ಬರೆಯಬಹುದು. ತೊಂದರೆ ಏನೆಂದರೆ ಅದನ್ನು ಹೆಡರ್‌ನಿಂದ ಹೊರಗಿಟ್ಟು ಐಚ್ಛಿಕ ಮಾಡಿದರು. ಐಚ್ಛಿಕವಾದದ್ದನ್ನು ಹೆಚ್ಚಿನವರು ಬರೆಯುವುದಿಲ್ಲ. ಇದನ್ನು ಹೆಡರ್ ಒಳಗೇ ಒಂದು ಅಕ್ಷರವಾಗಿ ಇಟ್ಟಿದ್ದರೆ ಇಂದಿನ ಲಾಗುಗಳ ಬೆಲೆ ಎಷ್ಟೋ ಹೆಚ್ಚುತ್ತಿತ್ತು.

ಇದು ಪಾಂಡಿತ್ಯದ ಜಿಜ್ಞಾಸೆ ಮಾತ್ರವಲ್ಲ. 2022ರ ಏಪ್ರಿಲ್ 28ರಂದು ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ಹೊರಡಿಸಿದ ನಿರ್ದೇಶನದ ಪ್ರಕಾರ ಭಾರತದ ಸಂಸ್ಥೆಗಳು ತಮ್ಮ ವ್ಯವಸ್ಥೆಗಳ ಲಾಗನ್ನು 180 ದಿನ ಇಟ್ಟುಕೊಳ್ಳಬೇಕು, ಗಡಿಯಾರಗಳನ್ನು ಎನ್‌ಐಸಿ ಅಥವಾ ರಾಷ್ಟ್ರೀಯ ಭೌತ ಪ್ರಯೋಗಾಲಯದ ಕಾಲಮೂಲಕ್ಕೆ ಹೊಂದಿಸಬೇಕು, ಸೈಬರ್ ಘಟನೆಗಳನ್ನು ಆರು ಗಂಟೆಯೊಳಗೆ ವರದಿ ಮಾಡಬೇಕು. ಆರು ತಿಂಗಳ ಲಾಗು ಎಂದರೆ ಹೊಸ ವರ್ಷದ ಗಡಿ ದಾಟುವುದು ಸಾಮಾನ್ಯ. ವರ್ಷವಿಲ್ಲದ ಕಾಲಮುದ್ರೆ ಅಲ್ಲಿ ದಾಖಲೆಯಾಗಿ ನಿಲ್ಲುವುದು ಕಷ್ಟ. ಒಂದೇ ಐಪಿ ವಿಳಾಸವನ್ನು ಸಾವಿರಾರು ಗ್ರಾಹಕರಿಗೆ ಹಂಚುವ ಮೊಬೈಲ್ ಕಂಪನಿಗಳ ಕಾಲವಿದು. ಯಾವ ಪೋರ್ಟ್, ಯಾವ ಸೆಕೆಂಡ್ ಎಂದು ಸರಿಯಾಗಿ ಬರೆದಿಡದಿದ್ದರೆ ವಿಳಾಸವೊಂದರಿಂದ ಏನೂ ಸಾಬೀತಾಗದು ಎಂದು 2011ರ ಆರ್‌ಎಫ್‌ಸಿ 6302 ಎಚ್ಚರಿಸಿತ್ತು. ಗಡಿಯಾರ ಕೆಲವು ಸೆಕೆಂಡು ತಪ್ಪಿದ್ದರೆ, ಅಷ್ಟರಲ್ಲಿ ಅದೇ ಪೋರ್ಟ್ ಇನ್ನೊಬ್ಬರ ಕೈ ಸೇರಿರುತ್ತದೆ. ಪೊಲೀಸರು ಬಾಗಿಲು ತಟ್ಟುವುದು ಅವರ ಮನೆಯದ್ದು.

ಹೋಸ್ಟ್‌ನೇಮ್ ಫೀಲ್ಡ್‌ನ ಕಥೆಯೂ ಇದಕ್ಕೆ ಸಮೀಪದ್ದು. ಹಳೆಯ ರೂಪದಲ್ಲಿ ಡೊಮೇನ್ ಇಲ್ಲದ ಬರೀ ಹೆಸರು. ಎರಡು ಕಚೇರಿಗಳಲ್ಲಿ ‘ಗೇಟ್‌ವೇ’ ಎಂಬ ಯಂತ್ರಗಳಿದ್ದರೆ ಕಲೆಕ್ಟರ್‌ಗೆ ಎರಡೂ ಒಂದೇ. ಹೊಸ ರೂಪ ಆದ್ಯತೆಯ ಏಣಿ ಕೊಟ್ಟಿತು: ಪೂರ್ಣ ಡೊಮೇನ್ ಹೆಸರು, ಅದಿಲ್ಲದಿದ್ದರೆ ಸ್ಥಿರ ಐಪಿ, ಆಮೇಲೆ ಬರೀ ಹೆಸರು, ಆಮೇಲೆ ಬದಲಾಗುವ ಐಪಿ, ಏನೂ ಇಲ್ಲದಿದ್ದರೆ ಒಂದು ಅಡ್ಡಗೆರೆ. ಕಾಗದದ ಮೇಲೆ ಸರಿಯೇ. ಆದರೆ ಡಾಕರ್ ಬಂದಮೇಲೆ ಕಂಟೇನರ್‌ನ ಹೆಸರು ಎಂದರೆ ಡಿಫಾಲ್ಟ್ ಆಗಿ ಅದರ ಗುರುತುಸಂಖ್ಯೆಯ ಮೊದಲ ಹನ್ನೆರಡು ಅಕ್ಷರ. ಹತ್ತು ನಿಮಿಷದಲ್ಲಿ ಕಂಟೇನರ್ ಅಳಿದರೆ ಲಾಗಿನಲ್ಲಿ ಉಳಿಯುವುದು ಯಾರನ್ನೂ ತೋರಿಸದ ಹನ್ನೆರಡು ಅಕ್ಷರ.

ಅದಕ್ಕಿಂತ ಗಂಭೀರವಾದದ್ದು ರಿಲೇಯ ಪಾತ್ರ. ಆರ್‌ಎಫ್‌ಸಿ 3164ರ ಪ್ರಕಾರ ಆದ್ಯತಾ ಸಂಖ್ಯೆಯೇ ಇಲ್ಲದ ಸಂದೇಶ ಬಂದರೆ ರಿಲೇ ತಾನೇ 13 ಎಂದು ಬರೆದು, ತನ್ನ ಕಾಲಮುದ್ರೆ ಹಾಕಿ, ಕಳಿಸಿದವರ ಹೆಸರನ್ನು ತನಗೆ ತಿಳಿದಂತೆ ಸೇರಿಸಿ ಮುಂದಕ್ಕೆ ಕಳಿಸಬೇಕು. ಸೇರಿಸಿದ ಮೇಲೆ 1024 ಬೈಟ್ ಮೀರಿದರೆ ಬಾಲ ಕತ್ತರಿಸಬೇಕು. ಹೀಗೆ ಸಿದ್ಧವಾದ ಸಂದೇಶವನ್ನೂ ಮೂಲ ಸಾಧನವೇ ಪೂರ್ತಿ ಬರೆದ ಸಂದೇಶವನ್ನೂ ಪಕ್ಕಪಕ್ಕ ಇಟ್ಟರೆ ವ್ಯತ್ಯಾಸ ಕಾಣದು. ರಿಲೇಯ ಸದುದ್ದೇಶದ ಊಹೆ ಮೂಲದ ಹೇಳಿಕೆಯ ವೇಷ ತೊಟ್ಟು ನಿಂತಿರುತ್ತದೆ. 514ರ ಯುಡಿಪಿ ಪ್ಯಾಕೆಟ್ಟಿನ ಮೂಲ ವಿಳಾಸವನ್ನೇ ಸುಳ್ಳಾಗಿ ಬರೆಯಬಹುದಾದ್ದರಿಂದ ಆ ಊಹೆಯ ಬುಡವೂ ಗಟ್ಟಿಯಲ್ಲ.

ಫೀಲ್ಡ್‌ಗಳ ಸಂಖ್ಯೆಯನ್ನು ಸ್ಥಿರವಾಗಿಡುವ ವಿಚಾರದಲ್ಲಿ ಮಾತ್ರ 5424ಕ್ಕೆ ಪೂರ್ತಿ ಅಂಕ ಕೊಡಬೇಕು. ಹಳೆಯ ರೂಪದಲ್ಲಿ ಹೋಸ್ಟ್‌ನೇಮ್ ಬಿಟ್ಟುಹೋದರೆ ಮುಂದಿದ್ದ ಪ್ರೋಗ್ರಾಮಿನ ಹೆಸರೇ ಆ ಜಾಗಕ್ಕೆ ಬಂದು ಕೂರುತ್ತಿತ್ತು. ‘ಎಸ್‌ಎಸ್‌ಎಚ್‌ಡಿ’ ಎಂಬ ಯಂತ್ರವೊಂದು ಎಲ್ಲಿಂದ ಬಂತು ಎಂದು ತಲೆ ಕೆರೆದುಕೊಂಡವರು ಬಹಳ. ಹೊಸ ರೂಪದಲ್ಲಿ ಏಳು ಫೀಲ್ಡ್‌ಗಳು ಇರಲೇಬೇಕು, ಹೇಳಲು ಏನೂ ಇಲ್ಲದಿದ್ದರೆ ಅಡ್ಡಗೆರೆ. ಆದ್ಯತೆಯ ಹಿಂದೆಯೇ ಆವೃತ್ತಿ ಸಂಖ್ಯೆ 1 ಅಂಟಿಕೊಂಡಿರುತ್ತದೆ. ಕೋನ ಆವರಣ ಮುಗಿದ ಮೇಲೆ ತಿಂಗಳ ಹೆಸರು ಬಂದರೆ ಹಳೆಯದು, 1 ಬಂದರೆ ಹೊಸದು ಎಂದು ಪತ್ತೆ ಹಚ್ಚಬಹುದೆಂಬ ಜಾಣ್ಮೆ. ಆದರೆ ಸಿಸ್ಕೋ ಸಾಧನಗಳು ಅದೇ ಜಾಗದಲ್ಲಿ ತಮ್ಮದೇ ಎಣಿಕೆಯ ಸಂಖ್ಯೆ ಮತ್ತು ಕೋಲನ್ ಬರೆಯುತ್ತಿದ್ದವು. ಪಾರ್ಸರ್ ಇನ್ನೂ ಒಂದು ಅಕ್ಷರ ಮುಂದೆ ಇಣುಕಲೇಬೇಕು.

ಪ್ರೋಗ್ರಾಮಿನ ಹೆಸರಿಗೆ 48 ಅಕ್ಷರ, ಪ್ರಕ್ರಿಯೆಯ ಗುರುತಿಗೆ 128, ಸಂದೇಶದ ಬಗೆಗೆ 32. ಈ ಕೊನೆಯ ಎಂಎಸ್‌ಜಿಐಡಿ ಹೆಡರ್‌ನ ಅತ್ಯಂತ ಒಳ್ಳೆಯ ಯೋಚನೆ ಮತ್ತು ಅತ್ಯಂತ ನಿರ್ಲಕ್ಷಿತ ಫೀಲ್ಡ್. ‘ಲಿಂಕ್ ಬಿತ್ತು’ ಎಂಬ ಘಟನೆಗೆ ಒಂದು ಸ್ಥಿರ ಹೆಸರಿದ್ದರೆ ಇಂಗ್ಲಿಷ್ ವಾಕ್ಯವನ್ನು ಅಗೆಯುವ ರೆಗ್ಯುಲರ್ ಎಕ್ಸ್‌ಪ್ರೆಶನ್‌ಗಳ ಕಾಡೇ ಬೇಡ. ಸಿಸ್ಕೋ ಇದನ್ನು ಬಹಳ ಹಿಂದೆಯೇ ಒಡಲಿನಲ್ಲಿ ಮಾಡಿತ್ತು: ಶೇಕಡಾ ಚಿಹ್ನೆ, ‘ಲಿಂಕ್’, 3, ‘ಅಪ್‌ಡೌನ್’. ಅಲ್ಲಿ ವಿಭಾಗ, ತೀವ್ರತೆ, ಘಟನೆ ಮೂರೂ ಇವೆ. ಹೆಡರ್‌ನಲ್ಲಿ ಇಲ್ಲದ್ದನ್ನು ಒಡಲಲ್ಲಿ ಇನ್ನೊಂದು ಹೆಡರ್ ಕಟ್ಟಿ ತುಂಬಿಕೊಂಡರು. ಹೊಸ ರೂಪ ಅಧಿಕೃತ ಜಾಗ ಕೊಟ್ಟಮೇಲೂ ಬಹುತೇಕ ಪ್ರೋಗ್ರಾಮುಗಳು ಅಲ್ಲಿ ಅಡ್ಡಗೆರೆ ಎಳೆಯುತ್ತವೆ. ಲಾಗ್ ಬರೆಯುವ ಹಳೆಯ ಫಂಕ್ಷನ್‌ಗೆ ಅಂಥ ಆರ್ಗ್ಯುಮೆಂಟೇ ಇಲ್ಲ. ತಂತಿಯ ಮೇಲಿನ ರೂಪ ಬದಲಾಯಿತು, ಪ್ರೋಗ್ರಾಮರ್ ಕೈಯಲ್ಲಿನ ಉಪಕರಣ ಬದಲಾಗಲಿಲ್ಲ.

ಕ್ರಮಸಂಖ್ಯೆಯ ಪ್ರಶ್ನೆ ಇನ್ನೂ ಸ್ವಾರಸ್ಯದ್ದು. ಯುಡಿಪಿಯಲ್ಲಿ ಸಂದೇಶ ಕಳೆದರೆ ಕಳೆದಿದ್ದೇ ತಿಳಿಯದು. ಹೆಡರ್‌ನಲ್ಲಿ ಒಂದು ಎಣಿಕೆ ಇದ್ದಿದ್ದರೆ 41ರ ನಂತರ 45 ಬಂದಾಗ ಮೂರು ಹೋದವೆಂದು ಗೊತ್ತಾಗುತ್ತಿತ್ತು. ನೆಟ್‌ವರ್ಕ್ ದಟ್ಟಣೆಯ ಲೆಕ್ಕ ಕಳಿಸುವ ನೆಟ್‌ಫ್ಲೋ ಮತ್ತು ಅದರ ಉತ್ತರಾಧಿಕಾರಿ ಐಪಿಫಿಕ್ಸ್ ಇದನ್ನು ಹೆಡರ್‌ನಲ್ಲೇ ಇಟ್ಟಿವೆ. ಅಲ್ಲೂ ದಾರಿ ನೆಟ್ಟಗಿರಲಿಲ್ಲ. ನೆಟ್‌ಫ್ಲೋ 5ರಲ್ಲಿ ಆ ಸಂಖ್ಯೆ ಫ್ಲೋಗಳನ್ನು ಎಣಿಸುತ್ತಿತ್ತು. 9ರಲ್ಲಿ ಪ್ಯಾಕೆಟ್‌ಗಳನ್ನು ಎಣಿಸತೊಡಗಿತು, ಹಾಗಾಗಿ ಎಷ್ಟು ಪ್ಯಾಕೆಟ್ ಹೋಯಿತೆಂದು ತಿಳಿಯಿತು, ಎಷ್ಟು ದಾಖಲೆ ಹೋಯಿತೆಂದು ತಿಳಿಯಲಿಲ್ಲ. ಐಪಿಫಿಕ್ಸ್ ಮತ್ತೆ ದಾಖಲೆಗಳ ಎಣಿಕೆಗೆ ಮರಳಿತು. ಐಪಿಫಿಕ್ಸ್‌ನ ಹದಿನಾರು ಬೈಟಿನ ಹೆಡರ್‌ನಲ್ಲಿ ಕ್ರಮಸಂಖ್ಯೆಯ ಪಕ್ಕದಲ್ಲೇ ಅವಲೋಕನ ಕ್ಷೇತ್ರದ ಗುರುತು ಇದೆ. ಈ ನೆರೆಹೊರೆ ಕಾಕತಾಳೀಯವಲ್ಲ: ಎಣಿಕೆ ಯಾರದು ಎಂದು ಹೇಳದ ಕ್ರಮಸಂಖ್ಯೆಗೆ ಅರ್ಥವಿಲ್ಲ.

ಸಿಸ್‌ಲಾಗ್ ಎಡವಿದ್ದು ಇಲ್ಲಿ. ಒಂದು ಯಂತ್ರದಲ್ಲಿ ನೂರು ಪ್ರೋಗ್ರಾಮುಗಳು ಬರೆಯುತ್ತವೆ. ಎಣಿಕೆ ಪ್ರೋಗ್ರಾಮಿನದೋ, ಯಂತ್ರದ್ದೋ, ರಿಲೇಯದೋ? 5424 ಅದನ್ನು ‘ಮೆಟಾ’ ಎಂಬ ಐಚ್ಛಿಕ ಅಂಶಕ್ಕೆ ತಳ್ಳಿತು: 1ರಿಂದ ಶುರು, 2147483647 ಮುಟ್ಟಿದರೆ ಮತ್ತೆ 1. ಯಂತ್ರ ಮರುಚಾಲನೆಯಾದರೂ 1. ಸುತ್ತು ಮುಗಿದದ್ದೋ, ರೀಬೂಟ್ ಆದದ್ದೋ? 2010ರಲ್ಲಿ ಬಂದ ಸಹಿ ಮಾಡಿದ ಸಿಸ್‌ಲಾಗ್, ಅಂದರೆ ಆರ್‌ಎಫ್‌ಸಿ 5848, ಇದಕ್ಕೆ ಚೆಂದದ ಪರಿಹಾರ ಕೊಟ್ಟಿತು: ಪ್ರತಿ ರೀಬೂಟಿಗೂ ಏರುತ್ತ ಹೋಗುವ ಅವಧಿಸಂಖ್ಯೆ, ಅದರೊಳಗೆ ಸಂದೇಶದ ಎಣಿಕೆ. ಹಿಂದೆ ಹೋದ ಸಂದೇಶಗಳ ಹ್ಯಾಷ್‌ಗಳನ್ನು ಪ್ರತ್ಯೇಕ ಸಂದೇಶದಲ್ಲಿ ಪೋಣಿಸಿ ಸಹಿ ಹಾಕುವುದರಿಂದ ಕಳೆದದ್ದು, ತಿದ್ದಿದ್ದು ಎರಡೂ ಸಿಕ್ಕಿಬೀಳುತ್ತವೆ. ಮೂಲದವನೇ ಮಾತಾಡಿದ್ದಾನೆಂದು ಸಾಬೀತು ಮಾಡುವ ದಾರಿ ಸಿಸ್‌ಲಾಗ್ ಮನೆತನದಲ್ಲಿ ಇದೊಂದೇ. ಬಳಸುವವರು ವಿರಳ. ಎಲ್ಲರೂ 6514ನೇ ಪೋರ್ಟಿನ ಟಿಎಲ್‌ಎಸ್ ಸಾಕೆಂದರು. ಟಿಎಲ್‌ಎಸ್ ಒಂದು ನೆಗೆತವನ್ನು ಕಾಯುತ್ತದೆ. ರಿಲೇ ದಾಟಿದ ಮೇಲೆ ಪಡೆದವರಿಗೆ ಖಾತರಿಯಾಗುವುದು ರಿಲೇಯ ಗುರುತು ಮಾತ್ರ.

ಉದ್ದದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಸಂದೇಶ ಎಲ್ಲಿ ಮುಗಿಯಿತು ಎಂಬುದು ಹೆಡರ್‌ನ ಕೆಲಸವಲ್ಲ, ಸಾಗಣೆಯ ಕೆಲಸ ಎಂದು 5424 ತೀರ್ಮಾನಿಸಿದ್ದು ಸರಿ. ಟಿಸಿಪಿಯಲ್ಲಿ ಮುಂದೆ ಉದ್ದ ಬರೆಯುವವರೂ ಉಂಟು, ಸಾಲು ಮುರಿದರೆ ಸಂದೇಶ ಮುಗಿಯಿತು ಎನ್ನುವವರೂ ಉಂಟು. 2012ರ ಆರ್‌ಎಫ್‌ಸಿ 6587 ಎರಡನ್ನೂ ದಾಖಲಿಸಿತು. ಎರಡನೆಯ ಪಂಥದವರ ಸರ್ವರ್‌ನಲ್ಲಿ ಒಂದು ಜಾವಾ ಸ್ಟ್ಯಾಕ್ ಟ್ರೇಸ್ ನಲವತ್ತು ಅನಾಥ ಸಂದೇಶಗಳಾಗಿ ಬೀಳುತ್ತದೆ. ಬೈಟ್ ಮಿತಿ ಮಾತ್ರ ಕನ್ನಡದವರಿಗೆ ಇತರರಿಗಿಂತ ಬಿಗಿ. ಹೆಡರ್ ಪೂರ್ತಿ ಆಸ್ಕಿಯಲ್ಲಿರಬೇಕು, ಒಡಲು ಯುಟಿಎಫ್-8 ಆಗಬಹುದು. ಪ್ರತಿ ಕನ್ನಡ ಸಂಕೇತಕ್ಕೆ ಮೂರು ಬೈಟ್. ‘ಬೆಂಗಳೂರು’ 24 ಬೈಟ್, ‘ಕ್ಷ’ ಒಂದೇ ಒಂಬತ್ತು. ಪ್ರತಿಯೊಬ್ಬ ಸ್ವೀಕರ್ತನೂ ಕನಿಷ್ಠ 480 ಬೈಟ್ ಒಪ್ಪಲೇಬೇಕು, ಅದಕ್ಕೂ ಮೀರಿದ್ದನ್ನು ಬಾಲದಿಂದ ಕತ್ತರಿಸಬಹುದು, ಹಾಗೆ ಕತ್ತರಿಸಿದಾಗ ಯುಟಿಎಫ್-8 ಕೆಟ್ಟರೂ ಕೆಡಬಹುದು ಎನ್ನುತ್ತದೆ ನಿಯಮ. ಕತ್ತರಿ ಅಕ್ಷರದ ನಡುವೆಯೇ ಬಿದ್ದರೆ ಪಾರ್ಸರ್ ಇಡೀ ಸಂದೇಶವನ್ನೇ ತಿರಸ್ಕರಿಸಬಹುದು.

ನಂತರ ಬಂದವರು ಏನು ಕಲಿತರು? ಗ್ರೇಲಾಗ್‌ನ ಗೆಲ್ಫ್ ಜೇಸನ್‌ಗೆ ಹೋಯಿತು, ಫೆಸಿಲಿಟಿಯನ್ನು ಕೈಬಿಟ್ಟಿತು, ಅದಕ್ಕೆ ಯಾರೂ ಅಳಲಿಲ್ಲ. ಓಪನ್‌ಟೆಲಿಮೆಟ್ರಿ ಟ್ರೇಸ್ ಗುರುತನ್ನು ದಾಖಲೆಯ ಮೇಲ್ಪದರಕ್ಕೆ ತಂದು, ಹತ್ತು ಸರ್ವರ್‌ಗಳಲ್ಲಿ ಹಾದುಹೋದ ಒಂದೇ ಕೋರಿಕೆಯ ಲಾಗುಗಳನ್ನು ಹೊಲಿಯಲು ಅನುವು ಮಾಡಿತು. ಇದು ನಿಜವಾದ ಮುನ್ನಡೆ. ಆದರೆ ನನ್ನ ಲೆಕ್ಕದಲ್ಲಿ ಎರಡು ಚಿಕ್ಕ ಬದಲಾವಣೆಗಳು ಅದಕ್ಕಿಂತ ದೊಡ್ಡವು. ಒಂದು, ಓಪನ್‌ಟೆಲಿಮೆಟ್ರಿಯಲ್ಲಿ ಎರಡು ಕಾಲಗಳು: ಘಟನೆ ನಡೆದದ್ದು ಎಂದು ಮೂಲ ಹೇಳಿದ ಹೊತ್ತು, ಸಂಗ್ರಾಹಕ ಅದನ್ನು ಕಂಡ ಹೊತ್ತು. ಎರಡಕ್ಕೂ ಬೇರೆ ಬೇರೆ ಹೆಸರು, ಯಾವುದೂ ಇನ್ನೊಂದನ್ನು ಅಳಿಸುವುದಿಲ್ಲ. ಇನ್ನೊಂದು, ಲೆನಾರ್ಟ್ ಪೋಟರಿಂಗ್ ಮತ್ತು ಕೇ ಸೀವರ್ಸ್ 2011ರಲ್ಲಿ ಮುಂದಿಟ್ಟ ಜರ್ನಲ್‌ಡಿ. ಅದರಲ್ಲಿ ಅಂಡರ್‌ಸ್ಕೋರ್‌ನಿಂದ ಶುರುವಾಗುವ ಫೀಲ್ಡ್‌ಗಳನ್ನು ಪ್ರೋಗ್ರಾಮು ತಾನಾಗಿ ಬರೆಯುವಂತಿಲ್ಲ; ಪ್ರಕ್ರಿಯೆ ಸಂಖ್ಯೆ, ಬಳಕೆದಾರನ ಗುರುತು ಮುಂತಾದವನ್ನು ಕರ್ನಲ್‌ನಿಂದ ಕೇಳಿ ಜರ್ನಲ್ ತಾನೇ ಬರೆಯುತ್ತದೆ. ಹೇಳಿಕೆ ಯಾವುದು, ಖಚಿತಪಡಿಸಿಕೊಂಡದ್ದು ಯಾವುದು ಎಂದು ಹೆಸರಿನ ಮೊದಲ ಅಕ್ಷರವೇ ಸಾರುತ್ತದೆ. ಒಂದು ಯಂತ್ರದೊಳಗೆ ಇದು ಗಟ್ಟಿ. ಅದೇ ದಾಖಲೆಯನ್ನು ಇನ್ನೊಂದು ಯಂತ್ರಕ್ಕೆ ಸಾಗಿಸಿದರೆ ಅಂಡರ್‌ಸ್ಕೋರ್ ಮತ್ತೆ ದೂರದವರ ಹೇಳಿಕೆಯೇ. ಆ ಜಿಗಿತಕ್ಕೆ ಇನ್ನೂ ಯಾರೂ ಒಳ್ಳೆಯ ಚಿಹ್ನೆ ಕಂಡುಹಿಡಿದಿಲ್ಲ.

ಹಳೆಯ ತಂತ್ರಾಂಶಕ್ಕೆ ಇದು ಗೊತ್ತಿಲ್ಲವೇ? ಗೊತ್ತಿದೆ. ಆರ್‌ಸಿಸ್‌ಲಾಗ್ ಒಳಗೆ ಪ್ರತಿ ಸಂದೇಶಕ್ಕೂ ಎರಡು ಕಾಲಗಳಿವೆ: ಹೆಡರ್‌ನಲ್ಲಿ ಬರೆದಿದ್ದ ‘ಟೈಮ್‌ರಿಪೋರ್ಟೆಡ್’ ಮತ್ತು ತಾನು ಸ್ವೀಕರಿಸಿದ ‘ಟೈಮ್‌ಜನರೇಟೆಡ್’. ಎರಡು ವಿಳಾಸಗಳೂ ಇವೆ: ಸಂದೇಶ ಹೇಳಿಕೊಂಡ ‘ಹೋಸ್ಟ್‌ನೇಮ್’ ಮತ್ತು ಪ್ಯಾಕೆಟ್ ನಿಜಕ್ಕೂ ಬಂದ ‘ಫ್ರಮ್‌ಹೋಸ್ಟ್-ಐಪಿ’. ಫೈಲಿಗೆ ಬರೆಯುವ ಡಿಫಾಲ್ಟ್ ಟೆಂಪ್ಲೇಟು ಪ್ರತಿ ಜೋಡಿಯಲ್ಲೂ ಮೊದಲನೆಯದನ್ನು ಮಾತ್ರ ಉಳಿಸಿ ಎರಡನೆಯದನ್ನು ಮೆಮೊರಿಯಲ್ಲೇ ಸಾಯಲು ಬಿಡುತ್ತದೆ. ಡೆಬಿಯನ್‌ನ ಆರ್‌ಸಿಸ್‌ಲಾಗ್ ಫೈಲಿನಲ್ಲಿ ಡಿಫಾಲ್ಟ್ ಆಗಿ ವರ್ಷವೂ ಟೈಮ್‌ಝೋನೂ ಕಾಣಿಸಿಕೊಂಡದ್ದೇ 2023ರಲ್ಲಿ, 12ನೇ ಆವೃತ್ತಿಯಲ್ಲಿ. ಬಿಟ್ಟುಹೋದ ಎರಡನ್ನೂ ಸೇರಿಸಲು ಟೆಂಪ್ಲೇಟಿನಲ್ಲಿ ಒಂದು ಸಾಲು ತಿದ್ದಿದರೆ ಸಾಕು. ಯುಟಿಸಿ ಅಂತರ ಸಮೇತ ಪೂರ್ಣ ಕಾಲಮುದ್ರೆಗೆ 32 ಬೈಟ್, ಐಪಿವಿ4 ವಿಳಾಸಕ್ಕೆ ಹೆಚ್ಚೆಂದರೆ 15, ನಡುವೆ ಎರಡು ಖಾಲಿ ಜಾಗ: ಸಂದೇಶಕ್ಕೆ 49 ಬೈಟ್.